ದುಡ್ಡು ಕೊಟ್ಟು ಭೀಮ ಆಗೋರು

ಗೆಳತಿಯೊಬ್ಬಳು ಬೆಂಗಳೂರಿನ ಒಂದು ಹಳೇ ಬಡಾವಣೆಯಲ್ಲಿ ಅಲ್ಲಿನ ಮಕ್ಕಳು, ಹೆಂಗಸರು, ಅಂಗಡಿಯವರನ್ನೆಲ್ಲ ಸೇರಿಸಿಕೊಂಡು ಗೋಡೆಗಳಿಗೆ ಚಿತ್ರ ಬರೆಸುವ ಕೆಲಸಕ್ಕೆ ಕೈ ಹಾಕಿದ್ದಾಳೆ. ಕೆಲಸಕ್ಕೆ ಅನುದಾನ ಬೇಕು, ಅನುದಾನಕ್ಕೆ ಅರ್ಜಿ ಬೇಕು. "ನೀನು ಬರೆಯೋನು ಅಲ್ವಾ, ಸ್ವಲ್ಪ ನೋಡಿಕೊಡು" ಅಂತ ಅರ್ಜಿಯನ್ನು ನನಗೆ ಕಳಿಸಿದಳು. ಹೆಸರು, ವಿಳಾಸ, ಬಣ್ಣದ ಖರ್ಚು, ಏಣಿಯ ಬಾಡಿಗೆ ಎಲ್ಲ ಸಲೀಸಾಗಿ ಆಯಿತು. ಆಮೇಲೆ ಒಂದು ಕಾಲಂ ಬಂತು. ಈ ಯೋಜನೆಯಿಂದ ಆಗುವ ಸಾಮಾಜಿಕ ಪ್ರಯೋಜನವೇನು? ಫಲಾನುಭವಿಗಳು ಎಷ್ಟು ಜನ?

ಅದಕ್ಕೆ ಏನು ಬರೆಯಬೇಕು ಅಂತ ನಮ್ಮಿಬ್ಬರಿಗೂ ಗೊತ್ತು. ಸಾಮರಸ್ಯ, ಆತ್ಮವಿಶ್ವಾಸ, ಸಬಲೀಕರಣ. ಇಷ್ಟು ಜನ ನೇರವಾಗಿ, ಇಷ್ಟು ಜನ ಪರೋಕ್ಷವಾಗಿ. ಬರೆದೂ ಕೊಟ್ಟೆ. ಆದರೆ ಆ ಫಲಾನುಭವಿ ಅನ್ನುವ ಮಾತು ಬರೆಯುವಾಗ ನಮ್ಮ ಚಿಕ್ಕಪ್ಪ ಕಣ್ಣಮುಂದೆ ಬಂದು ನಿಂತುಬಿಟ್ಟ. ತಲೆಗೆ ತಗಡಿನ ಕಿರೀಟ, ಹೆಗಲ ಮೇಲೆ ಗದೆ. ಒಂದು ಒಳ್ಳೇ ಸೀಮೆಹಸು ಬರುವಷ್ಟು ದುಡ್ಡನ್ನು ಕೈಯಿಂದ ಕೊಟ್ಟು ಊರ ನಾಟಕದಲ್ಲಿ ಭೀಮನಾದವನು ಅವನು. ಯಾರೂ ಅವನನ್ನು ಉದ್ಧಾರ ಮಾಡುವುದಕ್ಕೆ ಬಂದಿರಲಿಲ್ಲ. ಅನುದಾನ ಇರಲಿಲ್ಲ. ಅವನಿಗೆ ಆದ ಪ್ರಯೋಜನ ಏನು ಅಂತ ಕೇಳಿದರೆ ಚಿಕ್ಕಮ್ಮ ಒಂದು ಪಟ್ಟಿ ಕೊಟ್ಟಾಳು, ಅದರಲ್ಲಿ ಎಲ್ಲಾ ನಷ್ಟವೇ ಇರುತ್ತದೆ. ಆದರೂ ಸಮುದಾಯದ ಕಲೆ, ಜನರೇ ಪಾಲ್ಗೊಳ್ಳುವ ಕಲೆ ಅಂತ ಯಾರಾದರೂ ಶುರು ಮಾಡಿದರೆ ನನಗೆ ಮೊದಲು ನೆನಪಾಗುವುದು ಅದೇ. ಅಂದಿನಿಂದ ಈ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಯೋಚಿಸುತ್ತಿದ್ದೇನೆ.

ಪಾತ್ರ ಹಂಚುವ ರಾತ್ರಿ

ಮಂಡ್ಯ, ತುಮಕೂರು, ಹಾಸನ, ರಾಮನಗರ ಕಡೆಯವರಿಗೆ ಕುರುಕ್ಷೇತ್ರ ನಾಟಕದ ಬಗ್ಗೆ ಹೇಳಬೇಕಾಗಿಲ್ಲ. ಮಂಡ್ಯದ ಕಲಾಮಂದಿರದ ಮುಂದೆ ಹಾದುಹೋದವರು ಅದರ ಫ್ಲೆಕ್ಸ್ ನೋಡೇ ಇರುತ್ತಾರೆ. ಮೂವತ್ತು ನಲವತ್ತು ಮುಖ, ಪ್ರತಿ ಮುಖಕ್ಕೂ ಕಿರೀಟ, ಕೆಳಗೆ ಪಾತ್ರದ ಹೆಸರು, ಅದರ ಕೆಳಗೆ 'ಮಾಜಿ ಅಧ್ಯಕ್ಷರು, ಹಾಲು ಉತ್ಪಾದಕರ ಸಂಘ'. ಶಕುನಿ ಪಾತ್ರ ಮಾಡಿದವರು ನಿವೃತ್ತ ಕಂಡಕ್ಟರ್, ದ್ರೋಣಾಚಾರ್ಯರು ಗೊಬ್ಬರದ ಅಂಗಡಿಯವರು. ಕೃಷ್ಣ ಒಬ್ಬನೇ ಇರುವುದಿಲ್ಲ. ಒಂದನೇ ಕೃಷ್ಣ, ಎರಡನೇ ಕೃಷ್ಣ, ಕೆಲವು ಕಡೆ ಮೂರನೆಯವನೂ ಉಂಟು. ಹೊರಗಿನವರು ಇದನ್ನು ನೋಡಿ ನಗುತ್ತಾರೆ. ಕೃಷ್ಣರು ಹೀಗೆ ಹೆಚ್ಚಾಗುವುದಕ್ಕೆ ಕಾರಣ ಬಹಳ ಸರಳ. ಕೃಷ್ಣನಾಗಬೇಕು ಅನ್ನೋರು ಜಾಸ್ತಿ. ಒಬ್ಬನಿಗೇ ಅಷ್ಟು ಹಾಡು ಹೇಳುವ ಉಸಿರೂ ಇರುವುದಿಲ್ಲ, ಅಷ್ಟೂ ದುಡ್ಡು ಕೊಡುವ ತಾಕತ್ತೂ ಇರುವುದಿಲ್ಲ. ಪಾತ್ರವನ್ನು ಹಿಸ್ಸೆ ಮಾಡುತ್ತಾರೆ, ಹೊಲ ಹಿಸ್ಸೆ ಮಾಡಿದ ಹಾಗೆ.

ನಮ್ಮೂರಲ್ಲಿ ಪಾತ್ರ ಹಂಚುವುದು ರಾಮಮಂದಿರದಲ್ಲಿ. ಕಬ್ಬು ಕಟಾವು ಒಂದು ಹಂತಕ್ಕೆ ಬಂದಮೇಲೆ, ಊರಹಬ್ಬಕ್ಕೆ ಇನ್ನೂ ನಾಲ್ಕೈದು ತಿಂಗಳಿರುವಾಗ. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಮುಂದೆ ಇಟ್ಟುಕೊಂಡು ಕೂತಿರುತ್ತಾರೆ. ಅವರ ಪಕ್ಕದಲ್ಲಿ ಒಂದು ಹಾಳೆ, ಅದರಲ್ಲಿ ಪಾತ್ರಗಳ ಹೆಸರು, ಪ್ರತಿ ಪಾತ್ರದ ಮುಂದೆ ಒಂದು ಮೊತ್ತ. ದುರ್ಯೋಧನನದ್ದು ಎಲ್ಲಕ್ಕಿಂತ ದುಬಾರಿ. ಭೀಮ, ಕರ್ಣ, ಕೃಷ್ಣ ಆಮೇಲೆ. ವಿದುರ ಅಗ್ಗ. ಧರ್ಮರಾಯನ ಪಾತ್ರಕ್ಕೆ ಸಾಮಾನ್ಯವಾಗಿ ಒತ್ತಾಯ ಮಾಡಬೇಕು, ಯಾರಿಗೂ ಒಳ್ಳೆಯವನಾಗುವ ಆಸೆ ಇರುವುದಿಲ್ಲ. ಈ ದುಡ್ಡಿನಲ್ಲೇ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ವೇಷಭೂಷಣ, ತಬಲಾದವರು, ಶಾಮಿಯಾನ, ಹೆಣ್ಣು ಪಾತ್ರಕ್ಕೆ ಬರುವವರ ಸಂಭಾವನೆ ಎಲ್ಲ ಆಗಬೇಕು.

ನಾನು ಹುಡುಗನಾಗಿದ್ದಾಗ ಕಂಬಕ್ಕೆ ಒರಗಿ ಕೂತು ನೋಡಿದ ಒಂದು ಹಂಚಿಕೆ ಚೆನ್ನಾಗಿ ನೆನಪಿದೆ. ಆಲೆಮನೆ ಇಟ್ಟಿದ್ದ ಚಿಕ್ಕಪ್ಪನಿಗೆ ಆ ವರ್ಷ ಬೆಲ್ಲಕ್ಕೆ ಒಳ್ಳೇ ರೇಟು ಸಿಕ್ಕಿತ್ತು. ಭೀಮ ನನಗೆ ಅಂದ. ಮೇಷ್ಟ್ರು ತಲೆಯೆತ್ತಿ ಅವನ ಮೈಕಟ್ಟು ನೋಡಿದರು, ತಲೆ ಆಡಿಸಿದರು. "ಎಲ್ಲಿ, ಒಂದು ಪದ ಹೇಳಪ್ಪ" ಅಂತ ಶ್ರುತಿ ಹಿಡಿದರು. ಚಿಕ್ಕಪ್ಪ ಹೇಳಿದ. ಅವನು ಒಂದು ದಾರಿ, ಹಾರ್ಮೋನಿಯಂ ಒಂದು ದಾರಿ. ಮೂಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ನಗಲಿಲ್ಲ. ಹಾರ್ಮೋನಿಯಂ ಪೆಟ್ಟಿಗೆಯ ಮನೆ ಬದಲಿಸಿ, ಇನ್ನೂ ಕೆಳಗಿನಿಂದ ಎತ್ತಿಕೊಟ್ಟು, "ಈಗ ಹೇಳು" ಅಂದರು. ಈ ಸಲ ಅರ್ಧ ಸಾಲು ಕೂಡಿತು. "ಬತ್ತದೆ, ಬತ್ತದೆ. ಹಾಡು ಎರಡು ಕಮ್ಮಿ ಮಾಡಿ ಮಾತು ಜಾಸ್ತಿ ಮಾಡಾಣ" ಅಂದು ಹಾಳೆಯಲ್ಲಿ ಗುರುತು ಹಾಕಿಕೊಂಡರು.

ಆ ಮೇಷ್ಟ್ರ ಕೆಲಸ ಎಂಥದ್ದು ಅಂತ ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಚೆನ್ನಾಗಿ ಹಾಡುವವರನ್ನು ಆರಿಸಿಕೊಂಡು ನಾಟಕ ಮಾಡಿಸುವುದು ಸುಲಭ. ಇವರಿಗೆ ಆ ಅವಕಾಶವೇ ಇಲ್ಲ. ದುಡ್ಡು ಕೊಟ್ಟವನು ಮುಂದೆ ಕೂತಿದ್ದಾನೆ. ಅವನ ಗಂಟಲು ಹೇಗಿದೆಯೋ ಹಾಗೇ ಅದಕ್ಕೆ ತಕ್ಕ ಮಟ್ಟು ಹುಡುಕಬೇಕು, ತಾಳ ತಪ್ಪುವ ಜಾಗದಲ್ಲಿ ತಬಲಾದವನಿಗೆ ಕಣ್ಣಿನಲ್ಲೇ ಹೇಳಬೇಕು, ಸ್ವರ ಜಾರುವ ಕಡೆ ಪೆಟ್ಟಿಗೆ ಜೋರು ಮಾಡಿ ಮುಚ್ಚಬೇಕು. ಹಗಲಿಡೀ ಗದ್ದೆಯಲ್ಲಿ ದುಡಿದು ಬಂದು ರಾತ್ರಿ ಹತ್ತಕ್ಕೆ ತೂಕಡಿಸುತ್ತಾ ನಿಂತವರ ಬಾಯಲ್ಲಿ ಕಂದಪದ್ಯ ಹೇಳಿಸಬೇಕು. ಒಂದು ಹಳ್ಳಿ ಮುಗಿಸಿ ಇನ್ನೊಂದು ಹಳ್ಳಿಗೆ. ಈಗಿನ ಕಾರ್ಯಾಗಾರಗಳಲ್ಲಿ ಇಂಥ ಕೆಲಸ ಮಾಡುವವರಿಗೆ ಬೇರೆ ಬೇರೆ ಹೆಸರಿದೆ, ಸರ್ಟಿಫಿಕೇಟೂ ಇದೆ. ನಮ್ಮ ಮೇಷ್ಟ್ರಿಗೆ ಇದ್ದದ್ದು ಒಂದು ಟಿವಿಎಸ್ ಗಾಡಿ, ಹಿಂದೆ ಕಟ್ಟಿದ ಪೆಟ್ಟಿಗೆ.

ಚಿಕ್ಕಪ್ಪನಿಗೆ ಓದು ಅಷ್ಟಕ್ಕಷ್ಟೇ. ಮಾತುಗಳನ್ನು ಮೇಷ್ಟ್ರು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ ಕೊಟ್ಟಿದ್ದರು. ಅದನ್ನು ಅವನ ಮಗಳು, ಆಗ ಹೈಸ್ಕೂಲಿನಲ್ಲಿದ್ದ ನನ್ನ ತಂಗಿ, ಆಲೆಮನೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಅವನು ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಗಷ್ಟು ತೆಗೆಯುತ್ತಾ ಅವಳು ಹೇಳಿದ್ದನ್ನು ಹೇಳುತ್ತಿದ್ದ. ಎಲೈ ದುರಾತ್ಮನೆ ಅಂದಾಗೆಲ್ಲ ಜಾಲರಿ ಗದೆಯಾಗುತ್ತಿತ್ತು, ಬಿಸಿ ರಸ ಅಕ್ಕಪಕ್ಕದವರ ಕಾಲಿಗೆ ಸಿಡಿಯುತ್ತಿತ್ತು. ಒಲೆಗೆ ಕಬ್ಬಿನ ರಚ್ಚು ಹಾಕುವವನು ಸುಮ್ನೆ ಇರಲಾರದೆ ದುರ್ಯೋಧನನ ಮಾತು ಕೊಡಲು ಶುರು ಮಾಡಿದ. ನಾಟಕದ ಹೊತ್ತಿಗೆ ಆಲೆಮನೆಯಲ್ಲಿದ್ದ ಎಲ್ಲರಿಗೂ ಭೀಮನ ಪಾತ್ರ ಬಾಯಿಪಾಠ ಆಗಿತ್ತು, ಭೀಮನಿಗೆ ಬಿಟ್ಟು.

ನೋಟಿನ ಹಾರ

ನಾಟಕದ ರಾತ್ರಿ ಒಂಬತ್ತೂವರೆಗೆ ಶುರು, ಬೆಳಕು ಹರಿದ ಮೇಲೆ ಮುಕ್ತಾಯ. ಕಲೆಯ ಲೆಕ್ಕದಲ್ಲಿ ನೋಡಿದರೆ ಅರ್ಧಕ್ಕರ್ಧ ಸೋಲು. ಗುಬ್ಬಿ ನಾಟಕ ಕಂಪನಿಯವರು ಇದೇ ಕಥೆಗೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿದ್ದರು ಅಂತ ಅಜ್ಜ ಹೇಳುತ್ತಿದ್ದ. 1884ರಲ್ಲಿ ಹುಟ್ಟಿದ ಆ ಕಂಪನಿಯ ದೊಡ್ಡ ಗತ್ತಿನ ನೆರಳೇ ನಮ್ಮ ಹಳ್ಳಿ ನಾಟಕದ ಮೇಲೆ ಈಗಲೂ ಇರುವುದು. ಬಾಡಿಗೆ ಪರದೆಯ ಮೇಲಿನ ಅರಮನೆ, ಎಳೆದೆಳೆದು ಆಡುವ ಮಾತು, ತಾರಕಕ್ಕೆ ಹೋಗುವ ಹಾಡು ಎಲ್ಲ ಅಲ್ಲಿಂದ ಬಂದದ್ದು. ಆದರೆ ಹಾಡುವ ಗಂಟಲು ಮಾತ್ರ ನಮ್ಮೂರಿನದು.

ದುಶ್ಯಾಸನನನ್ನು ಕೊಲ್ಲುವ ದೃಶ್ಯ. ಚಿಕ್ಕಪ್ಪ ಅವನನ್ನು ಕೆಳಗೆ ಕೆಡವಿ ಎದೆಯ ಮೇಲೆ ಕಾಲಿಟ್ಟಿದ್ದಾನೆ. ಕೆಂಪು ಲೈಟು. ಕರುಳು ಬಗೆಯುವುದೊಂದೇ ಬಾಕಿ. ಆಗ ಮೈಕಿನಲ್ಲಿ ಘೋಷಣೆ: ಭೀಮನ ಪಾತ್ರಧಾರಿಗೆ ಅವರ ಭಾವಮೈದಂದಿರಿಂದ ಹಾರ ತುರಾಯಿ ಮತ್ತು ನಗದು ಬಹುಮಾನ. ಯುದ್ಧ ನಿಂತಿತು. ಲೈಟು ಬೆಳ್ಳಗಾಯಿತು. ಚಿಕ್ಕಮ್ಮನ ಅಣ್ಣ ತಮ್ಮಂದಿರು ಪಂಚೆ ಸರಿ ಮಾಡಿಕೊಳ್ಳುತ್ತಾ ಮೇಲೆ ಬಂದರು. ಒಬ್ಬ ನೋಟಿನ ಹಾರ ಹಾಕಿದ, ಒಬ್ಬ ಶಾಲು ಹೊದಿಸಿದ, ಇನ್ನೊಬ್ಬ ಎದೆಯ ಕವಚಕ್ಕೆ ಪಿನ್ನಿನಲ್ಲಿ ನೋಟು ಚುಚ್ಚಿದ. ಫೋಟೋ ಆಯಿತು. ಅಷ್ಟು ಹೊತ್ತು ದುಶ್ಯಾಸನ ಎದ್ದು ಕೂತು, ಯಾರೋ ಕೊಟ್ಟ ಟೀ ಕುಡಿಯುತ್ತಿದ್ದ. ಅವರೆಲ್ಲ ಇಳಿದ ಮೇಲೆ ಲೋಟ ಕೊಟ್ಟು ಮತ್ತೆ ಮಲಗಿದ. ಕೆಂಪು ಲೈಟು ಬಂತು. ಚಿಕ್ಕಪ್ಪ ನೋಟುಗಳು ಉದುರದ ಹಾಗೆ ಹುಷಾರಾಗಿ ಬಗ್ಗಿ ಅವನ ಕರುಳು ಬಗೆದ.

ನಾಟಕ ಗೊತ್ತಿರುವ ಪೇಟೆಯ ಗೆಳೆಯರಿಗೆ ಇದನ್ನು ಹೇಳಿದರೆ ತಲೆ ಚಚ್ಚಿಕೊಳ್ಳುತ್ತಾರೆ. ರಸಭಂಗ ಅನ್ನುತ್ತಾರೆ. ಆದರೆ ಸಭೆಯಲ್ಲಿ ಯಾರಿಗೂ ಹಾಗೆ ಅನ್ನಿಸಿದ್ದು ನಾನು ಕಾಣೆ. ಅಲ್ಲಿ ಕೂತವರು ಒಂದೇ ಹೊತ್ತಿಗೆ ಎರಡು ನೋಡುತ್ತಿರುತ್ತಾರೆ. ಭೀಮನನ್ನೂ ನೋಡುತ್ತಾರೆ, ಆಲೆಮನೆಯವನನ್ನೂ ನೋಡುತ್ತಾರೆ. ಈ ವರ್ಷ ಇವನಿಗೆ ಯಾರು ಹಾರ ಹಾಕಿದರು, ಯಾರು ಹಾಕಲಿಲ್ಲ, ಮಾವನ ಮನೆಯವರು ಬಂದರಾ, ಕಳೆದ ವರ್ಷ ಜಗಳವಾಡಿದ ದಾಯಾದಿ ಮೆಟ್ಟಿಲು ಹತ್ತಿದನಾ. ಕುರುಕ್ಷೇತ್ರದ ಕಥೆಯೇ ದಾಯಾದಿಗಳದ್ದು. ಅದನ್ನು ನೋಡುವುದಕ್ಕೆ ಮಂಡ್ಯ ಜಿಲ್ಲೆಯ ರೈತರಿಗಿಂತ ತಯಾರಾದ ಪ್ರೇಕ್ಷಕರು ಬೇಕಾ?

ಮಾರನೆ ದಿನ ಚಿಕ್ಕಮ್ಮ ಮುಯ್ಯಿ ಪುಸ್ತಕ ತೆಗೆದಳು. ಮದುವೆ, ಗೃಹಪ್ರವೇಶಗಳ ಮುಯ್ಯಿ ಬರೆದಿಡುವ ಅದೇ ಪುಸ್ತಕ. ಯಾರು ಎಷ್ಟು ಚುಚ್ಚಿದರು, ಯಾರ ಶಾಲು, ಯಾರ ಹಾರ ಎಲ್ಲ ಬರೆಸಿದಳು. ಅವರ ಊರಿನಲ್ಲಿ ನಾಟಕವಾದಾಗ ಇವರು ಹೋಗಬೇಕು, ಅಷ್ಟೇ ಕೊಡಬೇಕು, ಆದರೆ ಒಂದು ಕೈ ಮೇಲೆ. ಫಲಾನುಭವಿಗಳ ಕಾಲಂ ಓದುವಾಗ ನನಗೆ ತೊಡಕಾದದ್ದು ಇಲ್ಲೇ. ಅನುದಾನದ ಲೆಕ್ಕದಲ್ಲಿ ಕೊಡುವವರು ಒಂದು ಕಡೆ, ಪಡೆಯುವವರು ಇನ್ನೊಂದು ಕಡೆ. ಯೋಜನೆ ಮುಗಿದ ದಿನ ಲೆಕ್ಕ ಮುಗಿಯುತ್ತದೆ. ಚಿಕ್ಕಮ್ಮನ ಪುಸ್ತಕದಲ್ಲಿ ಎಲ್ಲರೂ ಎಲ್ಲರಿಗೂ ಬಾಕಿ. ಆ ಬಾಕಿ ತೀರಿಬಿಟ್ಟರೆ ಮುಂದಿನ ನಾಟಕಕ್ಕೆ ಕಾರಣವೇ ಉಳಿಯುವುದಿಲ್ಲ.

ದುಶ್ಯಾಸನನ ವಿಷಯ ಒಂದು ಹೇಳಬೇಕು. ಅವನಿಗೂ ಚಿಕ್ಕಪ್ಪನಿಗೂ ಗದ್ದೆಯ ಬದುವಿನ ವ್ಯಾಜ್ಯ ಇತ್ತು. ಮಾತಿಲ್ಲ, ಕತೆಯಿಲ್ಲ. ಬೇಕೆಂದೇ ಅವನು ಆ ಪಾತ್ರ ಹಿಡಿದನೋ, ಮೇಷ್ಟ್ರು ಬೇಕೆಂದೇ ಕೊಟ್ಟರೋ ಗೊತ್ತಿಲ್ಲ. ತಿಂಗಳುಗಟ್ಟಲೆ ದಿನಾ ರಾತ್ರಿ ಒಬ್ಬನ ಎದೆ ಮೇಲೆ ಇನ್ನೊಬ್ಬ ಕಾಲಿಡುವ ಪ್ರಾಕ್ಟೀಸು ನಡೆಯಿತು. ಇಂಥ ಕಡೆ ಕಥೆ ಬರೆಯುವವರು ಇಬ್ಬರನ್ನೂ ಅಪ್ಪಿಕೊಳ್ಳುವಂತೆ ಮಾಡಿಬಿಡುತ್ತಾರೆ. ಹಾಗೇನೂ ಆಗಲಿಲ್ಲ. ಕೇಸು ಇನ್ನೂ ನಡೆಯುತ್ತಿದೆ. ಬದಲಾದದ್ದು ಇಷ್ಟೇ: ವಾಯಿದೆ ಇದ್ದ ದಿನ ಇಬ್ಬರೂ ಒಂದೇ ಬೈಕಿನಲ್ಲಿ ಮಂಡ್ಯ ಕೋರ್ಟಿಗೆ ಹೋಗಿಬರುತ್ತಾರೆ. ಪೆಟ್ರೋಲು ಒಂದು ಸಲ ಇವನದು, ಒಂದು ಸಲ ಅವನದು. ಇದನ್ನು ಸಾಮರಸ್ಯ ಅನ್ನಬೇಕೋ ಏನನ್ನಬೇಕೋ, ಯಾವ ಅರ್ಜಿಯಲ್ಲೂ ಬರೆಯುವ ಧೈರ್ಯ ನನಗಿಲ್ಲ.

ಐವತ್ತು ಉಪಯೋಗಗಳು

ಇಂಗ್ಲೆಂಡಿನಲ್ಲಿ 1997ರಲ್ಲಿ ಫ್ರಾಂಸ್ವಾ ಮತರಾಸೊ ಎಂಬವರು ಜನರು ಪಾಲ್ಗೊಳ್ಳುವ ಕಲೆಯಿಂದ ಸಮಾಜಕ್ಕೆ ಏನಾಗುತ್ತದೆ ಅಂತ ಅಧ್ಯಯನ ಮಾಡಿ ಐವತ್ತು ಉಪಯೋಗಗಳ ಪಟ್ಟಿ ಕೊಟ್ಟರು. ಆತ್ಮವಿಶ್ವಾಸ ಹೆಚ್ಚುತ್ತದೆ, ಒಂಟಿತನ ಕಮ್ಮಿಯಾಗುತ್ತದೆ, ಆರೋಗ್ಯ ಸುಧಾರಿಸುತ್ತದೆ, ಹೀಗೆ. ಅಲ್ಲಿನ ಸರ್ಕಾರಕ್ಕೆ, ಕಲಾ ಸಂಸ್ಥೆಗಳಿಗೆ ಅದು ಬಹಳ ಹಿಡಿಸಿತು, ಕಲೆಗೆ ದುಡ್ಡು ಯಾಕೆ ಕೊಡಬೇಕು ಅನ್ನುವುದಕ್ಕೆ ಒಂದು ಉತ್ತರ ಸಿಕ್ಕ ಹಾಗಾಯಿತು. ಐದು ವರ್ಷದ ಮೇಲೆ ಪಾವೊಲಾ ಮೆರ್ಲಿ ಎಂಬ ಸಂಶೋಧಕಿ ಇದರ ಮೇಲೆ ಬಿದ್ದರು. ಅಳತೆಯ ವಿಧಾನವೇ ಸರಿಯಿಲ್ಲ ಅಂದರು. ಅದಕ್ಕಿಂತ ಖಾರವಾಗಿ, ಬಡತನದ ಕಾರಣಗಳನ್ನು ಹಾಗೇ ಬಿಟ್ಟು, ಬಡವರು ಅದನ್ನು ತಡೆದುಕೊಳ್ಳುವ ಹಾಗೆ ಮಾಡುವುದಕ್ಕೆ ಕಲೆಯನ್ನು ಬಳಸುತ್ತಿದ್ದೀರಿ ಅನ್ನುವ ಆಕ್ಷೇಪ ಎತ್ತಿದರು. ನಮ್ಮಲ್ಲಿ ಈಗ ಓಡಾಡುವ ಅರ್ಜಿ ನಮೂನೆಗಳಲ್ಲಿ ಆ ಐವತ್ತರ ವಾಸನೆ ಚೆನ್ನಾಗಿಯೇ ಇದೆ. ಮೆರ್ಲಿಯ ಆಕ್ಷೇಪ ಮಾತ್ರ ಬಂದು ತಲುಪಿದ ಹಾಗಿಲ್ಲ.

ಹಾಗಂತ ಉದ್ದೇಶ ಇಟ್ಟುಕೊಂಡು ಮಾಡುವ ಕಲೆಯೆಲ್ಲ ಟೊಳ್ಳು ಅಂತ ನಾನು ಹೇಳುತ್ತಿಲ್ಲ. ಬ್ರೆಜಿಲಿನ ರಂಗಕರ್ಮಿ ಅಗಸ್ಟೊ ಬೋಲ್ ನಾಟಕವನ್ನು ನಡುವೆ ನಿಲ್ಲಿಸಿ, ನೋಡುತ್ತಿದ್ದವರನ್ನೇ ಮೇಲಕ್ಕೆ ಕರೆದು, ಈ ದಬ್ಬಾಳಿಕೆಯ ಎದುರು ನೀನಾಗಿದ್ದರೆ ಏನು ಮಾಡುತ್ತಿದ್ದೆ, ಮಾಡಿ ತೋರಿಸು ಅಂದವರು. ಪಶ್ಚಿಮ ಬಂಗಾಳದಲ್ಲಿ ಜನ ಸಂಸ್ಕೃತಿ ಎಂಬ ತಂಡ 1985ರಿಂದ ಹಳ್ಳಿ ಹಳ್ಳಿಯಲ್ಲಿ ಇದನ್ನೇ ಮಾಡುತ್ತಾ ಬಂದಿದೆ. ನಮ್ಮಲ್ಲಿ 1975ರಲ್ಲಿ ಶುರುವಾದ 'ಸಮುದಾಯ' ಎಂಬ ತಂಡ ಬೀದಿಗೆ ನಾಟಕ ತಂದಿತು. ರಂಗಾಯಣದ ನಟ ಹುಲುಗಪ್ಪ ಕಟ್ಟೀಮನಿ ಕೈದಿಗಳಿಗೆ ನಾಟಕ ಕಲಿಸಿ, ಅವರನ್ನು ಜೈಲಿನಿಂದ ಹೊರಗಿನ ರಂಗಮಂದಿರಗಳಿಗೆ ಕರೆತಂದು ಆಡಿಸಿದರು. ಶಿಕ್ಷೆ ಅನುಭವಿಸುತ್ತಿರುವ ಒಬ್ಬ ಮನುಷ್ಯ ಟಿಕೆಟ್ ಕೊಂಡು ಬಂದವರ ಎದುರು ನಿಂತು ಮಾತಾಡುವುದು ಸಣ್ಣ ವಿಷಯವಲ್ಲ. ಬೆಂಗಳೂರಿನ ಅರವಾಣಿ ಆರ್ಟ್ ಪ್ರಾಜೆಕ್ಟ್ 2016ರಿಂದ ಟ್ರಾನ್ಸ್‌ಜೆಂಡರ್ ಹೆಂಗಸರ ಜೊತೆ ಸೇರಿ ಗೋಡೆಗೆ ಬಣ್ಣ ಹಚ್ಚುತ್ತಿದೆ. ಅವರ ಚಿತ್ರ 2024ರಲ್ಲಿ ವೆನಿಸ್ ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನದವರೆಗೂ ಹೋಯಿತು. ಜನ ಮುಖ ತಿರುಗಿಸಿಕೊಂಡು ಹೋಗುವ ರಸ್ತೆಯಲ್ಲೇ ನಿಂತು ದಿನವಿಡೀ ಕುಂಚ ಹಿಡಿಯುವುದರಲ್ಲಿ ಚಿತ್ರಕ್ಕಿಂತ ದೊಡ್ಡದೇನೋ ಇದೆ. (ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ವಿಷಯ ಎತ್ತುತ್ತಿಲ್ಲ. ಈ ಮಾತು ಬಂದಾಗೆಲ್ಲ ಎಲ್ಲರೂ ಅದನ್ನೇ ಎತ್ತುತ್ತಾರೆ, ಅದು ಎತ್ತಬೇಕಾದದ್ದೇ. ಆದರೆ ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಂಥವರು ಊರಿಗೊಬ್ಬರು ಹುಟ್ಟುವುದಿಲ್ಲವಲ್ಲ.)

ನನ್ನ ತಕರಾರು ಇರುವುದು ನಡುವೆ ಬರುವ ಇನ್ನೊಂದು ಬಗೆಯ ಕೆಲಸದ ಬಗ್ಗೆ. ಕೆಲವು ವರ್ಷಗಳ ಹಿಂದೆ ಬೇರೆ ಒಂದು ಕಡೆ ಇಂಥದ್ದೇ ಗೋಡೆ ಚಿತ್ರಕ್ಕೆ ಕೈ ಜೋಡಿಸಲು ಹೋಗಿದ್ದೆ. ಒಂದು ವಾರಾಂತ್ಯ. ಹೊರಗಿನಿಂದ ಬಂದ ಕಲಾವಿದರು ಮೊದಲೇ ಸ್ಕೆಚ್ ಹಾಕಿಟ್ಟಿದ್ದರು. ಮಕ್ಕಳು ಗೆರೆಯೊಳಗೆ ಬಣ್ಣ ತುಂಬಿದರು. ಮಕ್ಕಳ ಅಂಗೈ ಬಣ್ಣದಲ್ಲಿ ಅದ್ದಿ ಗೋಡೆಗೆ ಒತ್ತಿಸಿದರು, ಅದು ಇದ್ದೇ ಇರುತ್ತದೆ. ಎಲ್ಲರೂ ಖುಷಿಯಾಗಿದ್ದರು, ನಾನೂ ಖುಷಿಯಾಗಿದ್ದೆ. ಆದರೆ ಅಲ್ಲಿ ಒಂದು ಜಗಳವೂ ಆಗಲಿಲ್ಲ. ನೀಲಿ ಬೇಡ ಹಸಿರು ಇರಲಿ ಅಂತ ಯಾರೂ ಹಟ ಹಿಡಿಯಲಿಲ್ಲ. ಪಕ್ಕದ ಇಸ್ತ್ರಿ ಅಂಗಡಿಯವನು ಮಾತ್ರ, ನನ್ನ ಗಾಡಿ ನಿಲ್ಲಿಸೋ ಜಾಗ ಇದು, ಎಷ್ಟು ಹೊತ್ತಾಗುತ್ತೆ ಅಂತ ಕೇಳಿದ. ಆಮೇಲೆ ಯಾವಾಗಲೋ ಆ ಕಡೆ ಹೋದಾಗ ನೋಡಿದರೆ ಚಿತ್ರದ ಮೇಲೆ ಕೋಚಿಂಗ್ ಕ್ಲಾಸಿನ ಪೋಸ್ಟರು ಅಂಟಿಸಿದ್ದರು. ಅಲ್ಲಿನವರಿಗೆ ಬೇಜಾರಾದಂತೇನೂ ಕಾಣಲಿಲ್ಲ. ಅದು ಅವರದ್ದಾಗಿರಲೇ ಇಲ್ಲವಲ್ಲ.

ನಮ್ಮೂರ ನಾಟಕದ ಫ್ಲೆಕ್ಸ್ ಮೇಲೆ ಯಾರಾದರೂ ಪೋಸ್ಟರ್ ಅಂಟಿಸಲಿ ನೋಡೋಣ. ಒಂದು ಫೋಟೋ ಚಿಕ್ಕದಾಯಿತು ಅಂತಲೇ ಒಂದು ವರ್ಷ ಕರ್ಣ ಮುನಿಸಿಕೊಂಡು ಟ್ರಯಲ್ ದಿನ ಬರಲಿಲ್ಲ.

ಪುಸ್ತಕದ ಹೊರಗಿರುವವರು

ಇಷ್ಟೆಲ್ಲ ಹೇಳಿ ಊರ ನಾಟಕವನ್ನು ಅಟ್ಟಕ್ಕೇರಿಸಿಬಿಟ್ಟರೆ ಸುಳ್ಳಾಗುತ್ತದೆ. ದುಡ್ಡು ಕೊಟ್ಟವನಿಗೆ ಪಾತ್ರ ಅಂದಮೇಲೆ ದುಡ್ಡಿಲ್ಲದವನಿಗೆ ಪಾತ್ರ ಇಲ್ಲ. ಆಲೆಮನೆಯಲ್ಲಿ ಒಲೆಗೆ ರಚ್ಚು ಹಾಕುತ್ತಿದ್ದವನು ಚಿಕ್ಕಪ್ಪನಿಗಿಂತ ಎಷ್ಟೋ ಚೆನ್ನಾಗಿ ಹಾಡುತ್ತಿದ್ದ. ಅವನು ಕೊನೆಗೂ ಹಾಡಿದ್ದು ಒಲೆಯ ಮುಂದೆಯೇ. ಸಾಲ ಮಾಡಿ ದುರ್ಯೋಧನನಾದವರೂ ಇದ್ದಾರೆ, ಆ ಸಾಲ ಮಕ್ಕಳ ಫೀಸಿನ ದುಡ್ಡನ್ನು ತಿಂದದ್ದೂ ಉಂಟು. ಜಾತಿಯ ಮಾತಂತೂ ಹೇಳುವುದೇ ಬೇಡ. ಅಜ್ಜನ ಕಾಲದಲ್ಲಿ ಕೇರಿಯವರಿಗೆ ಶಾಮಿಯಾನದ ಗುಂಜ ನೆಡುವ ಕೆಲಸ ಇತ್ತು, ಪಾತ್ರ ಇರಲಿಲ್ಲ. ಕೇಳಿ ಕೇಳಿ ಸಾಕಾಗಿ ಕೇರಿಯ ಹುಡುಗರು ತಾವೇ ಸಂಘ ಕಟ್ಟಿದರು. ಅದೇ ಸೀನರಿ ತರಿಸಿದರು, ಅದೇ ಮೇಷ್ಟ್ರನ್ನು ಕರೆಸಿದರು, ತಮ್ಮ ಬೀದಿಯಲ್ಲೇ ಕುರುಕ್ಷೇತ್ರ ಆಡಿದರು. ಊರವರು ದೂರದಲ್ಲಿ ನಿಂತು ನೋಡಿ, ಅವರ ಕರ್ಣ ನಮ್ಮ ಕರ್ಣನಿಗಿಂತ ಚೆನ್ನಾಗಿದ್ದಾನೆ ಅಂತ ಮನೆಯಲ್ಲಿ ಮಾತ್ರ ಒಪ್ಪಿಕೊಂಡರು. ಈಗ ಎರಡೂ ಕಡೆಯವರು ಸೇರಿ ಆಡುವ ವರ್ಷಗಳೂ ಇವೆ. ದುಡ್ಡು ಜಾತಿ ಕೇಳಲ್ಲ ಅನ್ನುತ್ತಾರೆ. ಅರ್ಧ ನಿಜ. ಯಾರ ಹಾರ ಯಾರ ಕೊರಳಿಗೆ ಬೀಳುತ್ತದೆ ಅಂತ ನೋಡುತ್ತಾ ಕೂತರೆ ಉಳಿದ ಅರ್ಧ ಕಾಣುತ್ತದೆ.

ಇನ್ನು ಹೆಂಗಸರು. ಈ ನಾಟಕದಲ್ಲಿ ಗಂಡಸರು ದುಡ್ಡು ಕೊಟ್ಟು ಆಡುತ್ತಾರೆ, ಹೆಂಗಸರು ದುಡ್ಡು ತೆಗೆದುಕೊಂಡು ಆಡುತ್ತಾರೆ. ದ್ರೌಪದಿ, ಕುಂತಿ, ಗಾಂಧಾರಿ, ಉತ್ತರೆಯರು ಊರಿನವರಲ್ಲ. ಮಂಡ್ಯದಿಂದಲೋ ಬೆಂಗಳೂರಿನಿಂದಲೋ ಸಂಜೆ ಬಸ್ಸಿನಲ್ಲಿ ಬಂದಿಳಿಯುತ್ತಾರೆ. ಪ್ರಾಕ್ಟೀಸಿಗೆ ಬಂದವರೇ ಅಲ್ಲ. ಇಡೀ ನಾಟಕ ಅವರಿಗೆ ಬಾಯಿಪಾಠ. ಎಷ್ಟೋ ಊರುಗಳಲ್ಲಿ ಎಷ್ಟೋ ಭೀಮರ ಜೊತೆ ಆಡಿದವರು. ಉತ್ತರ ಕರ್ನಾಟಕದ ಜಾತ್ರೆ ನಾಟಕಗಳಲ್ಲೂ ಇದೇ ಕತೆ. ಆ ರಾತ್ರಿ ದ್ರೌಪದಿ ಮಾಡಿದಾಕೆ ಚಿಕ್ಕಪ್ಪ ಮಾತು ಮರೆತಾಗೆಲ್ಲ, "ಏನು ಸ್ವಾಮಿ, ನನ್ನ ಮುಡಿ ಕಟ್ಟುವೆನೆಂದು ಆಡಿದ ಮಾತು ಮರೆತಿರಾ" ಅಂತ ತಾನೇ ಸೇರಿಸಿ ಅವನಿಗೆ ಎಳೆ ಹಿಡಿಸುತ್ತಿದ್ದಳು. ಜನ ಅದನ್ನೂ ನಾಟಕದ ಮಾತೇ ಅಂದುಕೊಂಡರು. ಇಡೀ ರಂಗದ ಮೇಲೆ ಕಸುಬು ಬಲ್ಲವಳು ಅವಳೊಬ್ಬಳೇ. ಆದರೆ ಗೌರವ ದುಡ್ಡು ಕೊಟ್ಟವನಿಗೆ. ಬೆಳಿಗ್ಗೆ ಅವಳು ಬಣ್ಣ ಒರೆಸಿಕೊಂಡು, ಮಾತಾಡಿದ್ದಕ್ಕಿಂತ ಕಮ್ಮಿ ಕೊಟ್ಟರು ಅಂತ ಸೀನರಿಯವನ ಹತ್ತಿರ ಜಗಳ ಮಾಡುತ್ತಿದ್ದಳು. ಮುಯ್ಯಿ ಪುಸ್ತಕದಲ್ಲಿ ಅವಳಿಗೆ ಜಾಗ ಇಲ್ಲ, ಅವಳಿಗೆ ಯಾರೂ ಬಾಕಿಯಿಲ್ಲ. ಪಾಲ್ಗೊಳ್ಳುವ ಕಲೆಯ ಬಗ್ಗೆ ನಾವು ಆಡುವ ದೊಡ್ಡ ಮಾತುಗಳಲ್ಲಿ ಇಂಥ ಕೂಲಿಯ ಲೆಕ್ಕ ಬರುವುದೇ ಅಪರೂಪ.

ಊರ ಹೆಂಗಸರಿಗೆ ಇಷ್ಟು ದಿನ ಇದ್ದದ್ದು ಚಾಪೆಯ ಮೇಲಿನ ಜಾಗ, ಜೊತೆಗೆ ಪ್ರಾಕ್ಟೀಸಿಗೆ ಹೋಗುವವನ ಪಾಲಿನ ಕೆಲಸ. ಆದರೆ ರಂಗನಟಿ ಆರ್. ನಾಗರತ್ನಮ್ಮನವರು 1958ರಷ್ಟು ಹಿಂದೆಯೇ ಬರೀ ಹೆಂಗಸರದೇ ಸ್ತ್ರೀ ನಾಟಕ ಮಂಡಳಿ ಕಟ್ಟಿದ್ದರು. ಕಂಸ, ರಾವಣ, ಭೀಮನಂಥ ಪಾತ್ರಗಳನ್ನು ತಾವೇ ಮಾಡುತ್ತಿದ್ದರು. ಅವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ. ಗುಬ್ಬಿ ಕಂಪನಿಯ ಗತ್ತು ಹಳ್ಳಿಗೆ ಇಳಿದುಬಂತು, ನಾಗರತ್ನಮ್ಮನವರ ಗತ್ತು ಇಳಿದುಬರುವುದಕ್ಕೆ ಇಷ್ಟು ಕಾಲ ಹಿಡಿಯಿತು. ಈಗೀಗ ಅಲ್ಲಲ್ಲಿ ಹೆಂಗಸರೇ ಕುರುಕ್ಷೇತ್ರ ಆಡಿದ ಸುದ್ದಿ ಬರುತ್ತಿರುತ್ತದೆ. ಅಂಥ ಒಂದು ವಿಡಿಯೋ ಫೋನಿನಿಂದ ಫೋನಿಗೆ ಹಾರಿ ನನ್ನ ತಂಗಿಯ ಕೈಗೂ ಬಂತು.

ತಂಗಿ ಈಗ ಮದ್ದೂರು ಕಡೆಯ ಒಂದು ಹಳ್ಳಿಯಲ್ಲಿದ್ದಾಳೆ. ಎರಡು ಹಸು, ಸ್ವಲ್ಪ ಕಬ್ಬು, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳೂ ಅವಳೇ. ಆಲೆಮನೆಯಲ್ಲಿ ಓದಿ ಹೇಳಿಕೊಟ್ಟ ಭೀಮನ ಪಾತ್ರ ಇವತ್ತಿಗೂ ಅವಳಿಗೆ ಒಂದಕ್ಷರ ಮರೆತಿಲ್ಲ. ಹೋದ ತಿಂಗಳು ಫೋನ್ ಮಾಡಿದಾಗ, ಸಂಘದವರೆಲ್ಲ ಸೇರಿ ನಾಟಕ ಆಡಬೇಕು ಅಂತಿದ್ದೇವೆ ಅಂದಳು. ಮೇಷ್ಟ್ರ ಮಗ ಈಗ ಪೆಟ್ಟಿಗೆ ಹಿಡಿಯುತ್ತಾನೆ, ಅವನ ಹತ್ತಿರ ಮಾತಾಡಿದ್ದಾರೆ. ಹೆಂಗಸರ ಶ್ರುತಿಗೆ ಮಟ್ಟುಗಳನ್ನೆಲ್ಲ ಮತ್ತೆ ಕೂಡಿಸಬೇಕು, ಎರಡು ತಿಂಗಳು ಜಾಸ್ತಿ ಬೇಕಾಗುತ್ತದೆ ಅಂದನಂತೆ. ಸಂಜೆ ಹಾಲು ಕರೆದು ಡೇರಿಗೆ ಹಾಕಿ ಬಂದಮೇಲೆ ಪ್ರಾಕ್ಟೀಸು, ರಾತ್ರಿ ಅಡುಗೆಯನ್ನು ಗಂಡಸರು ನೋಡಿಕೊಳ್ಳಬೇಕು ಅನ್ನುವವರೆಗೂ ಮಾತು ಹೋಗಿದೆ. ಸಂಘದ ಉಳಿತಾಯದಿಂದ ಪಾತ್ರಕ್ಕೆ ಸಾಲ ಕೊಡಬಹುದಾ ಅಂತ ಒಬ್ಬಳು ಕೇಳಿದ್ದಾಳೆ, ಅದಕ್ಕೆ ದೊಡ್ಡ ವಾದ ನಡೆದಿದೆ. ಹಸುವಿಗೆ ಕೊಡಬಹುದಾದರೆ ಭೀಮನಿಗೆ ಯಾಕೆ ಕೊಡಬಾರದು ಅನ್ನುವುದು ಒಂದು ಪಕ್ಷ.

"ಹಾಗಾದರೆ ಭೀಮ ನೀನೇ ತಾನೇ?" ಅಂದೆ.

"ಅಯ್ಯೋ ಭೀಮ ಯಾರಿಗೆ ಬೇಕು, ದುರ್ಯೋಧನ ಹಿಡಿದಿದ್ದೀನಿ" ಅಂದಳು. ಅದಕ್ಕೂ ಮೂರು ಜನ ಗುದ್ದಾಡುತ್ತಿದ್ದಾರಂತೆ, ಎರಡು ಹಿಸ್ಸೆ ಮಾಡಬೇಕಾಗಬಹುದು. ಶಕುನಿಗೆ ಅಂಗನವಾಡಿ ಟೀಚರ್ ಹೆಸರು ಹಾಕಿಸಿ ಆಗಿದೆ. ಕೃಷ್ಣರು ಇಬ್ಬರು ಸಿಕ್ಕಿದ್ದಾರೆ. ಧರ್ಮರಾಯನಿಗೆ ಇನ್ನೂ ಯಾರೂ ಒಪ್ಪಿಲ್ಲ.

"ದ್ರೌಪದಿ?"

"ಅದೊಂದು ಯಾರಿಗೂ ಬೇಡ. ಮಂಡ್ಯದಿಂದಲೇ ಯಾರನ್ನಾದ್ರೂ ಕರೆಸೋಣ ಅಂತಿದ್ದಾರೆ. ಎಷ್ಟು ತಗೋತಾರೆ, ನಿನಗೇನಾದ್ರೂ ಗೊತ್ತಾ?"